ಅವ್ವನ ಮೇಲಿನ ಸಿಟ್ಟು

ಉಮಾಮಹೇಶ್ವರಿಯನ್ನು ಮನಶ್ಶಾಸ್ತ್ರದ ಉಪನ್ಯಾಸಕ್ಕೆ ಕರೆದುಕೊಂಡು ಹೋದವಳು ಮಗಳು ಸ್ಫೂರ್ತಿ. ಆಮೇಲೆ ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗಲೆಲ್ಲ ಮುರುಗೇಶಪ್ಪ ಮೊದಲು ಮಗಳ ಕಡೆಗೇ ಕೈ ತೋರಿಸುತ್ತಿದ್ದರು. ಮದುವೆಯಾದಾಗಿನಿಂದ ಸುಮ್ಮನಿದ್ದ ಹೆಂಡತಿಯ ತಲೆಗೆ ಹುಳ ಬಿಟ್ಟವಳು ನೀನೇ ಎನ್ನುವುದು ಅವರ ವಾದ.

ಶಿವಮೊಗ್ಗದ ವಿನೋಬನಗರದಲ್ಲಿ ಅವರ ಮನೆಯಿಂದ ಎರಡು ಅಡ್ಡರಸ್ತೆ ದಾಟಿದರೆ ಸಮುದಾಯ ಭವನ. ಅಲ್ಲಿ ಭಾನುವಾರ ಸಂಜೆ ಶಿವಯೋಗಿ ಎಂಬ ನಿವೃತ್ತ ಮೇಷ್ಟ್ರು ಮನಸ್ಸಿನ ಆಳದ ಬಗ್ಗೆ ಮಾತಾಡುತ್ತಿದ್ದರು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿದವರು. ಪಾಠ ಬಿಟ್ಟರೂ ಮಾತು ಬಿಡಲಾಗದೆ ಇದನ್ನು ಶುರು ಮಾಡಿದ್ದರು. ಪ್ಲಾಸ್ಟಿಕ್ ಕುರ್ಚಿಗಳು, ಕೊರಕೊರ ಎನ್ನುವ ಒಂದು ಮೈಕು, ಕೊನೆಗೆ ಎಲ್ಲರಿಗೂ ಟೀ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದ ಸ್ಫೂರ್ತಿಗೆ ಒಬ್ಬಳೇ ಹೋಗಿ ಕೂರಲು ಬೇಜಾರು. "ಬಾ ಅಮ್ಮ, ನಿಂಗೂ ಟೈಮ್ ಪಾಸ್ ಆಗುತ್ತೆ" ಎಂದಳು. ಉಮಾಮಹೇಶ್ವರಿ ಬೆಳಗಿನ ದೋಸೆಗೆ ಅಕ್ಕಿ ನೆನೆಹಾಕಿ, ಸೀರೆ ಬದಲಾಯಿಸಿ ಹೊರಟಳು.

ಮೊದಲ ವಾರ ಅವಳಿಗೆ ಅರ್ಧಕ್ಕರ್ಧ ತಲೆಗೆ ಹೋಗಲಿಲ್ಲ. ಎರಡನೇ ವಾರದ್ದು ಕನಸಿನ ವಿಷಯ. ಮೇಷ್ಟ್ರು ಕೊನೆಯಲ್ಲಿ ಹೇಳಿದರು: "ನಾಳೆ ಎದ್ದ ತಕ್ಷಣ, ಮೊಬೈಲ್ ಮುಟ್ಟೋ ಮೊದಲು, ಕಂಡ ಕನಸನ್ನ ಮನೇಲಿ ಯಾರಿಗಾದರೂ ಹೇಳಿ. ಅರ್ಥ ಹುಡುಕೋಕೆ ಹೋಗಬೇಡಿ. ಬರೀ ಹೇಳಿ ಸಾಕು."

ಹೇಳಿದ್ದನ್ನು ಮಾಡುವುದು ಉಮಾಮಹೇಶ್ವರಿಯ ಸ್ವಭಾವ. ಮರುದಿನ ಬೆಳಿಗ್ಗೆ ಗಂಡನ ಮುಂದೆ ಕಾಫಿ ಇಟ್ಟು ನಿಂತಳು.

"ರೀ, ಒಂದು ಕನಸು ಬಿತ್ತು."

ಮುರುಗೇಶಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಹೂಂ."

"ಭದ್ರಾವತಿ ಕ್ವಾರ್ಟರ್ಸ್ ಮುಂದೆ ಬಸ್ಸು ನಿಂತಿದೆ. ನಾನು ಕಿಟಕಿ ಹತ್ರ ಕೂತಿದ್ದೀನಿ, ಸಣ್ಣೋಳು. ಅವ್ವ ಕೆಳಗೆ ನಿಂತಿದ್ಲು. ಬಸ್ಸು ಹೊರಡೋಕೆ ಮುಂಚೇನೇ ತಿರುಗಿ ಮನೆ ಒಳಗೆ ಹೋಗ್ಬಿಟ್ಲು."

"ಆಮೇಲೆ?"

"ಅಷ್ಟೇ."

"ಅಲಸಂದೆ ಪಲ್ಯದ್ದು. ರಾತ್ರಿ ಮಾಡ್ಬೇಡ ಅಂದ್ರೆ ಕೇಳಲ್ಲ ನೀನು."

ಸ್ಫೂರ್ತಿ ತಟ್ಟೆ ಹಿಡಿದು ಬಂದವಳು ಅಲ್ಲೇ ನಿಂತಳು. "ಅಮ್ಮ, ಅದು ಕನಸಾ, ನಡೆದಿದ್ದಾ?"

"ಎರಡೂ" ಎಂದು ಉಮಾಮಹೇಶ್ವರಿ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಉಪ್ಪಿಟ್ಟು ತಳ ಹಿಡಿಯುತ್ತಿತ್ತು.

ನಡೆದದ್ದು ಹೀಗೆ. ಅವಳಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿದ್ದರು. ಮೂವರು ಮಕ್ಕಳು: ಅಣ್ಣ ಹಿರಿಯಣ್ಣ, ನಡುವಿನವಳು ಇವಳು, ಕೊನೆಗೊಬ್ಬಳು ತಂಗಿ. ಏಳನೇ ವಯಸ್ಸಿಗೆ ಇವಳೊಬ್ಬಳನ್ನೇ ಶಿವಮೊಗ್ಗದ ಸೋದರತ್ತೆಯ ಮನೆಗೆ ಕಳಿಸಿದರು. ಓದಲಿಕ್ಕೆ ಎಂದರು. ಓದುವ ಶಾಲೆ ಭದ್ರಾವತಿಯಲ್ಲೂ ಇತ್ತು, ಅಣ್ಣ ಅಲ್ಲೇ ಓದಿದ. ಐದು ವರ್ಷ ಕಳೆದು ಅತ್ತೆ ತೀರಿಕೊಂಡ ಮೇಲೆ ವಾಪಸು ಕರೆಸಿಕೊಂಡರು. ಹೋದದ್ದು ಯಾಕೆಂದು ಯಾರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಮದುವೆಯಾಯಿತು, ಮಗಳು ಹುಟ್ಟಿದಳು, ಅಪ್ಪ ಹೋದರು. ಹಬ್ಬಕ್ಕೆ ತವರಿಗೆ ಹೋಗಿ ಬರುತ್ತಿದ್ದಳು, ಅವ್ವನಿಗೆ ಸೀರೆ ಕೊಡುತ್ತಿದ್ದಳು. ಅವಳನ್ನು ನೋಡಿದವರೆಲ್ಲ ಒಳ್ಳೆಯ ಮಗಳು ಎನ್ನುತ್ತಿದ್ದರು.

ಆ ವಾರವೇ ಹಿರಿಯಣ್ಣನ ಫೋನು ಬಂತು. ಹೆಂಡತಿ ಶ್ರೀಗೌರಿಗೆ ಗರ್ಭಕೋಶದ ಆಪರೇಷನ್ ಮಾಡಬೇಕು ಎಂದು ಡಾಕ್ಟರು ಹೇಳಿದ್ದಾರೆ, ಎರಡು ತಿಂಗಳು ಭಾರ ಎತ್ತುವಂತಿಲ್ಲ, ಅಲ್ಲಿಯವರೆಗೆ ಅವ್ವನನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ ಎಂದ. ಅವ್ವ ಸುಭದ್ರಮ್ಮನಿಗೆ ಎಂಬತ್ತು. ನಡೆದಾಡುತ್ತಾರೆ, ಆದರೆ ಸ್ನಾನಕ್ಕೆ ನೀರು ಬೆರೆಸಿಕೊಡಬೇಕು, ಹೊತ್ತಿಗೆ ಮಾತ್ರೆ ಕೊಡಬೇಕು.

"ಯೋಚನೆ ಮಾಡಿ ಹೇಳ್ತೀನಿ ಅಣ್ಣ" ಎಂದಳು ಉಮಾಮಹೇಶ್ವರಿ.

ಆ ಕಡೆ ಹಿರಿಯಣ್ಣ ಫೋನಿಟ್ಟ. ಈ ಕಡೆ ಊಟಕ್ಕೆ ಕೂತಿದ್ದ ಮುರುಗೇಶಪ್ಪನ ಕೈ ನಿಂತಿತು. ಅವರದು ಸವಳಂಗ ರಸ್ತೆಯಲ್ಲಿ ಪೇಂಟ್ ಅಂಗಡಿ. ಗಿರಾಕಿಗಳ ಹತ್ತಿರ ಮೆತ್ತಗೆ ಮಾತಾಡಿ ಮಾತಾಡಿ ಮನೆಯಲ್ಲೂ ದನಿ ಎತ್ತುವವರಲ್ಲ. ಅವತ್ತು ಎತ್ತಿದರು.

"ಯೋಚನೆ ಮಾಡೋದಕ್ಕೆ ಏನಿದೆ ಮಾರಾಯ್ತಿ? ಹೆತ್ತ ತಾಯಿ ಬರ್ತೀನಿ ಅಂದ್ರೆ?"

"ಅವ್ವ ಬರ್ತೀನಿ ಅಂದಿಲ್ಲ. ಅಣ್ಣ ಕಳಿಸ್ತೀನಿ ಅಂದ."

"ಏನು ವ್ಯತ್ಯಾಸ?"

"ನಂಗೆ ಅವ್ವನ ಮೇಲೆ ಸಿಟ್ಟಿದೆ ಕಣ್ರೀ. ಮೊನ್ನೆ ಗೊತ್ತಾಯ್ತು."

ಮುರುಗೇಶಪ್ಪ ಮಗಳನ್ನು ನೋಡಿದರು. ಸ್ಫೂರ್ತಿ ಸಾರಿನ ಬಟ್ಟಲನ್ನು ನೋಡಿದಳು.

"ಐವತ್ನಾಲ್ಕು ವರ್ಷಕ್ಕೆ ಗೊತ್ತಾಗೋ ಸಿಟ್ಟು ಎಂಥದು? ನಿನ್ನ ಮೇಷ್ಟ್ರು ಇದನ್ನೇನಾ ಕಲಿಸೋದು, ಹೆತ್ತೋರನ್ನ ಹೊರಗಿಡಿ ಅಂತ?"

"ಅವರು ಏನೂ ಹೇಳಿಲ್ಲ ಅಪ್ಪಾಜಿ" ಎಂದಳು ಸ್ಫೂರ್ತಿ. ಆಮೇಲೆ ತಾಯಿಯ ಕಡೆ ತಿರುಗಿ, "ಆದ್ರೂ ಅಮ್ಮ, ಲೆಕ್ಚರ್ ಕೇಳು ಅಂದೆ ಅಷ್ಟೇ. ಅಜ್ಜಿನ ಬೇಡ ಅನ್ನು ಅಂದ್ನಾ?"

"ನಾನೆಲ್ಲಿ ಬೇಡ ಅಂದೆ? ಯೋಚನೆ ಮಾಡ್ತೀನಿ ಅಂದೆ. ಈ ಮನೇಲಿ ನಾನು ಯೋಚನೆ ಮಾಡಿದ್ರೆ ಇಷ್ಟು ಕಷ್ಟ ಆಗುತ್ತಾ?"

ಮಜ್ಜಿಗೆ ಹಾಕಿಕೊಳ್ಳದೆ ಮುರುಗೇಶಪ್ಪ ಕೈ ತೊಳೆದರು.

ಭಾನುವಾರ ಮೇಷ್ಟ್ರು ನೆರಳಿನ ಬಗ್ಗೆ ಮಾತಾಡಿದರು. ನಮ್ಮಲ್ಲಿ ಇದೆ ಎಂದು ಒಪ್ಪಿಕೊಳ್ಳದ ಗುಣವೆಲ್ಲ ನೆರಳಿನ ಹಾಗೆ ನಮ್ಮ ಹಿಂದೆಯೇ ಬರುತ್ತದೆ, ಒಳ್ಳೆಯವರು ಅನ್ನಿಸಿಕೊಂಡವರಿಗೆ ಅದರ ಕಾಟ ಹೆಚ್ಚು ಎಂದರು. ಪ್ರಶ್ನೆಗಳಿವೆಯಾ ಎಂದು ಕೇಳಿದಾಗ ಉಮಾಮಹೇಶ್ವರಿ ಎದ್ದು ನಿಂತಳು. ಸ್ಫೂರ್ತಿ ಸೆರಗು ಹಿಡಿದು ಎಳೆದರೂ ಕೂರಲಿಲ್ಲ.

"ಸರ್, ತಾಯಿ ಮೇಲೆ ಸಿಟ್ಟಿದೆ ಅಂತ ಗೊತ್ತಾದ್ಮೇಲೂ ಅವರಿಗೆ ಅಡುಗೆ ಮಾಡಿ ಬಡಿಸ್ಬೇಕಾ?"

ಸಭೆಯಲ್ಲಿ ನಗು ಎದ್ದಿತು. ಮೇಷ್ಟ್ರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಬಡಿಸ್ಬೇಕೋ ಬೇಡ್ವೋ ನಾನು ಹೇಳೋಕಾಗಲ್ಲಮ್ಮ. ಸಿಟ್ಟು ಯಾಕೆ ಅಂತ ಅವರಿಗೆ ಗೊತ್ತಾ?"

"ಇಲ್ಲ."

"ಹಾಗಾದ್ರೆ ನಿಮ್ಮ ಪ್ರಶ್ನೆ ತಪ್ಪು ವಿಳಾಸಕ್ಕೆ ಬಂದಿದೆ. ಅವರು ಇದ್ದಾರಲ್ಲ, ಅವರನ್ನೇ ಕೇಳಿ. ನಾನು ಬರೀ ಮಾತಾಡೋನು."

ಹಿಂದಿನ ಸಾಲಿನಲ್ಲಿ ಶ್ರೀಗೌರಿಯ ಚಿಕ್ಕಪ್ಪ ಭೂತಪ್ಪ ಕೂತಿದ್ದರು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಸೋಮವಾರ ಮಧ್ಯಾಹ್ನದೊಳಗೆ ಮಾತು ಭದ್ರಾವತಿ ಮುಟ್ಟಿತ್ತು. ಹಿರಿಯಣ್ಣ ಫೋನಿನಲ್ಲಿ ಕೂಗಾಡಿದ.

"ಊರೋರ ಮುಂದೆ ಮೈಕ್ ಹಿಡಿದು ಅವ್ವಂಗೆ ಅನ್ನ ಹಾಕಲ್ಲ ಅಂದ್ಯಂತೆ?"

"ಮೈಕ್ ಹಿಡೀಲಿಲ್ಲ. ಹಂಗೆ ಅನ್ನಲೂ ಇಲ್ಲ."

"ಅವ್ವಂಗೂ ಗೊತ್ತಾಗಿದೆ. ಬೆಳಿಗ್ಗೆಯಿಂದ ಮಾತಾಡ್ತಿಲ್ಲ."

ಸಂಜೆ ಅಂಗಡಿಯಿಂದ ಬಂದ ಮುರುಗೇಶಪ್ಪನಿಗೂ ಸುದ್ದಿ ತಲುಪಿತ್ತು. "ನಾಳೆ ನಾನೇ ಕಾರಲ್ಲಿ ಹೋಗಿ ಅತ್ತೆಯವರನ್ನ ಕರ್ಕೊಂಡು ಬರ್ತೀನಿ. ನೀನು ಬಾಯಿ ಮುಚ್ಕೊಂಡಿರು" ಎಂದರು.

"ನೀವು ಬೇಡ. ನಾನೇ ಹೋಗ್ತೀನಿ, ಬಸ್ಸಲ್ಲಿ."

ಮಂಗಳವಾರ ಬೆಳಿಗ್ಗೆ ತಿಂಡಿ, ಮಧ್ಯಾಹ್ನದ ಸಾರು ಎರಡನ್ನೂ ಮಾಡಿಟ್ಟು ಹೊರಟಳು. ಮಾಚೇನಹಳ್ಳಿಯಲ್ಲಿ ಫ್ಯಾಕ್ಟರಿ ಕೆಲಸದವರು ಇಳಿದ ಮೇಲೆ ಬಸ್ಸು ಖಾಲಿಯಾಯಿತು. ಭದ್ರಾವತಿಯ ಹಳೇ ನಗರದ ಅಣ್ಣನ ಮನೆಯಲ್ಲಿ ಶ್ರೀಗೌರಿ ಕಾಫಿ ಕೊಟ್ಟಳು, ಮುಖ ಕೊಡಲಿಲ್ಲ. ಸುಭದ್ರಮ್ಮ ಹಿಂದಿನ ಜಗಲಿಯ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು.

"ಬಂದ್ಯಾ" ಎಂದರು, ಸೊಪ್ಪಿನಿಂದ ಕಣ್ಣು ತೆಗೆಯದೆ.

ಉಮಾಮಹೇಶ್ವರಿ ಎದುರಿಗೆ ಕೂತು ತಾನೂ ಒಂದು ಕಟ್ಟು ಬಿಚ್ಚಿದಳು. "ಅವ್ವ, ಒಂದು ಕೇಳ್ತೀನಿ. ನನ್ನನ್ನ ಯಾಕೆ ಅತ್ತೆ ಮನೆಗೆ ಕಳಿಸಿದ್ರಿ?"

"ಅದಾ? ನಿಮ್ಮತ್ತೆಗೆ ಮಕ್ಕಳಿರಲಿಲ್ಲ. ಒಂದು ಮಗು ಕೊಡಿ ಅಂತ ಜೀವ ತಿಂತಿದ್ಲು. ಹುಡುಗನ್ನ ಕೊಡಲ್ಲ ಅಂದ್ರು ನಿಮ್ಮಪ್ಪ. ಸಣ್ಣೋಳು ಇನ್ನೂ ಹಾಲು ಕುಡಿಯೋಳು. ಉಳಿದಿದ್ದು ನೀನು."

"ಅಷ್ಟೇನಾ?"

"ಅಷ್ಟೇ. ಇನ್ನೇನಿರುತ್ತೆ?"

"ನನ್ನ ಒಂದು ಮಾತು ಕೇಳಬಹುದಿತ್ತು."

"ಏಳು ವರ್ಷದ ಹುಡುಗೀನ ಯಾರು ಕೇಳ್ತಾರೆ? ನನ್ನೂ ಕೇಳ್ಲಿಲ್ಲ. ಊಟಕ್ಕೆ ಕೂತಾಗ ನಾಳೆ ಉಮಾನ ಕಳಿಸ್ತಿದ್ದೀನಿ ಅಂದ್ರು. ಬಟ್ಟೆ ಮಡಿಸಿ ಕೊಟ್ಟೆ."

ಉಮಾಮಹೇಶ್ವರಿಯ ಕೈಯಲ್ಲಿದ್ದ ದಂಟು ಮುರಿಯಿತು. "ಬಸ್ಸು ಹತ್ತಿಸೋಕೆ ಬಂದಿದ್ದೆ ನೀನು. ಬಸ್ಸು ಹೊರಡೋಕೆ ಮುಂಚೆ ಒಳಗೆ ಹೋದೆ. ಯಾಕೆ ಹೋದೆ?"

ಸುಭದ್ರಮ್ಮ ಈಗ ತಲೆ ಎತ್ತಿದರು. ಯೋಚಿಸಿದರು. ಸುಳ್ಳು ಹೇಳುವ ಹೆಂಗಸಲ್ಲ ಅವರು.

"ಹೋಗಿದ್ನಾ? ನಂಗೆ ನೆನಪಿಲ್ಲಮ್ಮ."

ಉಮಾಮಹೇಶ್ವರಿ ಬಸ್ಸಿನಲ್ಲಿ ಬರುವಾಗ ಹತ್ತಾರು ಉತ್ತರ ಊಹಿಸಿಕೊಂಡಿದ್ದಳು. ಅಳು ಬಂತು ಅಂದಾಳು, ಒಳಗೆ ಮಗು ಎದ್ದಿತ್ತು ಅಂದಾಳು, ನೀನು ಬೇಡವಾಗಿದ್ದೆ ಎಂದೇ ಅಂದರೂ ಅಂದಾಳು. ಇದೊಂದನ್ನು ಊಹಿಸಿರಲಿಲ್ಲ. ತಾನು ಇಷ್ಟು ಕಾಲ ಹೊತ್ತುಕೊಂಡು ಬಂದದ್ದು ಅವ್ವನ ಹತ್ತಿರ ಇರಲೇ ಇಲ್ಲ.

"ನಿಮ್ಮನೆಗೆ ನಾನು ಬರಲ್ಲ" ಎಂದರು ಸುಭದ್ರಮ್ಮ. "ಇಲ್ಲೇ ಹೆಂಗೋ ಆಗುತ್ತೆ. ಪಕ್ಕದ ಮನೆಯೋಳು ಅನ್ನ ಬೇಯಿಸಿ ಕೊಡ್ತಾಳೆ. ಸಿಟ್ಟಿರೋ ಮನೇಲಿ ಉಂಡ್ರೆ ಊಟ ಇಳಿಯಲ್ಲ."

"ಐದು ವರ್ಷ ಅತ್ತೆ ಮನೇಲಿ ಸಿಟ್ಟಲ್ಲೇ ಉಂಡಿದ್ದೀನಿ. ಇಳಿಯುತ್ತೆ. ಬಾ."

"ಸಿಟ್ಟು ಹೋಯ್ತಾ ಈಗ?"

"ಇಲ್ಲ. ಇದೆ. ಆದ್ರೂ ಬಾ."

ಸುಭದ್ರಮ್ಮ ಮಗಳನ್ನು ಅಪರಿಚಿತರನ್ನು ನೋಡುವ ಹಾಗೆ ನೋಡಿದರು. ಬಿಡಿಸಿದ ಸೊಪ್ಪನ್ನು ಮೊರಕ್ಕೆ ಹಾಕಿ, "ನನ್ನ ಮಾತ್ರೆ ಡಬ್ಬಿ ಕಪಾಟಿನಲ್ಲಿದೆ, ತಗೋ" ಎಂದರು.

ಹೀಗೆ ಸುಭದ್ರಮ್ಮ ವಿನೋಬನಗರಕ್ಕೆ ಬಂದರು. ಸ್ಫೂರ್ತಿಯ ಕೋಣೆಯಲ್ಲಿ ಇನ್ನೊಂದು ಮಂಚ ಬಿತ್ತು. ಮೊದಲ ಕೆಲವು ದಿನ ಎಲ್ಲರೂ ಮೆತ್ತಗೆ ಮಾತಾಡಿದರು. ಸುಭದ್ರಮ್ಮನಿಗಾಗಿ ಟಿವಿ ದನಿ ಜೋರಾಯಿತು, ಅವರಿಗೆ ಗೀಸರ್ ಆರಿಸುವುದು ಮರೆಯಿತು, ಅವರಿಗೊಮ್ಮೆ, ಉಳಿದವರಿಗೊಮ್ಮೆ ಎಂದು ತಿಂಡಿ ಎರಡು ಸಲ ಆಗತೊಡಗಿತು. ಯಾರೂ ಏನೂ ಅನ್ನಲಿಲ್ಲ. ಮುರುಗೇಶಪ್ಪನಿಗೆ ನೆಮ್ಮದಿ. ಸಿಟ್ಟು ಗಿಟ್ಟು ಎಲ್ಲ ಮೇಷ್ಟ್ರ ಮೈಕಿನಲ್ಲಿ ಹುಟ್ಟಿದ್ದು, ಮನೆಯೊಳಗೆ ಬಂದರೆ ಏನೂ ಇಲ್ಲ ಎಂದು ಮಗಳಿಗೆ ಹೇಳಿದರು.

ಒಂದು ದಿನ ಅವರ ಅಂಗಡಿಯ ಪಾಲುದಾರ ಶಿವಲಿಂಗಪ್ಪ ಊಟಕ್ಕೆ ಬಂದಿದ್ದರು. ಅಕ್ಕಿರೊಟ್ಟಿ, ಅವರೆಕಾಳಿನ ಸಾರು. ಸುಭದ್ರಮ್ಮ ಮೊದಲ ತುತ್ತಿಗೇ ಹೇಳಿದರು: "ಉಮಾ ಕೈಯಲ್ಲಿ ಉಪ್ಪು ಯಾವಾಗ್ಲೂ ಒಂಚೂರು ಮುಂದೆ. ಅವರತ್ತೆ ಕೈನೂ ಹಂಗೇ. ಅಲ್ಲೇ ಕಲಿತಿದ್ದು."

ಉಮಾಮಹೇಶ್ವರಿ ರೊಟ್ಟಿ ಬಡಿಸುತ್ತಿದ್ದವಳು ಹಾಗೇ ನಿಂತಳು. "ಹೌದು, ಅಲ್ಲೇ ಕಲಿತಿದ್ದು. ನೀನು ಕಲಿಸಿದ್ರೆ ಸರಿ ಇರ್ತಿತ್ತು."

ಶಿವಲಿಂಗಪ್ಪ ನೀರು ಕುಡಿದರು. ಮುರುಗೇಶಪ್ಪ ತಟ್ಟೆಯಲ್ಲಿ ಏನನ್ನೋ ಹುಡುಕತೊಡಗಿದರು.

"ಬಂದೋರ ಮುಂದೆ ಹಿಂಗೆ ಮಾತಾಡ್ತಾರಾ?" ಎಂದರು ಸುಭದ್ರಮ್ಮ.

"ಬಂದೋರ ಮುಂದೆ ಉಪ್ಪಿನ ಮಾತು ತೆಗೆದಿದ್ದು ನೀನು."

"ಮಾತು ಕಲಿತಿದ್ದೀಯ ನೀನು."

"ತಡವಾಗಿ ಕಲಿತೆ."

ಮುದುಕಿ ಎದ್ದು ಹೋಗುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಅವರು ಎದ್ದು ಹೋಗಲಿಲ್ಲ. ತಟ್ಟೆ ಮುಂದಕ್ಕೆ ತಳ್ಳಿ, "ಇನ್ನೊಂದು ಹಾಕು, ರೊಟ್ಟಿ ಚೆನ್ನಾಗಿದೆ" ಎಂದರು.

ಮರುದಿನ ಬೆಳಿಗ್ಗೆ ಸುಭದ್ರಮ್ಮ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ಒಲೆಯ ಪಕ್ಕ ನಿಂತರು. "ಸಾರು ಕುದಿಯೋ ಮುಂಚೆ ಉಪ್ಪು ಹಾಕ್ಬೇಡ. ಕುದ್ದು ಇಳಿದ ಮೇಲೆ ಹಾಕು, ಅಳತೆ ಗೊತ್ತಾಗುತ್ತೆ."

"ಐವತ್ನಾಲ್ಕು ವರ್ಷಕ್ಕೆ ಕಲಿಸ್ತೀಯಾ?"

"ಕಲಿಸ್ಲಿಲ್ಲ ಅಂದ್ಯಲ್ಲ."

ಅಲ್ಲಿಂದ ಆ ಮನೆಯಲ್ಲಿ ತಾಯಿ ಮಗಳ ಜಗಳ ದಿನಚರಿಯಾಯಿತು. ಗೀಸರಿಗೆ, ಟಿವಿಗೆ, ಅವ್ವ ಕೇಳುವ ಎರಡನೇ ಕಾಫಿಗೆ, ಒಣಗಿಸಿದ ಬಟ್ಟೆ ಮಡಿಸುವ ರೀತಿಗೆ. ಮುರುಗೇಶಪ್ಪ ಮೊದಲು ಬಿಡಿಸಲು ಹೋದರು. ಇಬ್ಬರೂ ಸೇರಿ ಅವರನ್ನೇ ಸುಮ್ಮನಿರಿಸಿದ ಮೇಲೆ ಪೇಪರು ಹಿಡಿದು ವರಾಂಡಕ್ಕೆ ಹೋಗುವುದನ್ನು ಕಲಿತರು.

ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಸುಭದ್ರಮ್ಮ ತಾವಾಗಿಯೇ ಕೇಳಿದರು. "ನಂಗೆ ನೆನಪಿಲ್ಲ. ನಿಂಗಿದೆಯಲ್ಲ, ನೀನೇ ಹೇಳು. ಅಲ್ಲಿ ಹೆಂಗಿದ್ದೆ? ನಿಮ್ಮತ್ತೆ ಹೊಡೀತಿದ್ಲಾ?"

"ಇಲ್ಲ. ಚೆನ್ನಾಗೇ ನೋಡ್ಕೊಂಡ್ರು. ಹೊಸ ಲಂಗ ಹೊಲಿಸಿದ್ರು, ಬೆಣ್ಣೆ ಹಾಕಿ ರೊಟ್ಟಿ ಕೊಡ್ತಿದ್ರು."

"ಮತ್ತೇನು ಕಷ್ಟ?"

"ಅದೇ ಕಷ್ಟ. ಅಳೋಕೆ ಕಾರಣ ಇರಲಿಲ್ಲ. ಅತ್ತರೆ, ಇಷ್ಟು ಚೆನ್ನಾಗಿ ನೋಡ್ಕೊಂಡ್ರೂ ಅಳ್ತೀಯಲ್ಲ ಅಂತ ಅತ್ತೆ ತಾವೇ ಅಳ್ತಿದ್ರು. ಅದಕ್ಕೆ ಬಿಟ್ಟುಬಿಟ್ಟೆ."

ಸುಭದ್ರಮ್ಮ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು. "ವಾಪಸ್ ಬಂದಾಗ ನೀನು ನನ್ನ ಹತ್ರ ಬರಲೇ ಇಲ್ಲ. ಬಾಗಿಲಲ್ಲೇ ನಿಂತಿದ್ದೆ. ಅದು ನೆನಪಿದೆ ನಂಗೆ. ಇವಳಿಗೆ ಅತ್ತೇನೇ ಬೇಕಿತ್ತು ಅಂದ್ಕೊಂಡೆ. ನಂಗೂ ಸಿಟ್ಟು ಬಂದಿತ್ತು."

"ನೀನು ಕರೀತೀಯ ಅಂತ ನಿಂತಿದ್ದೆ ಅವ್ವ."

ಮುದುಕಿ ಒಂದು ಹಿಡಿ ಕಾಯಿ ತೆಗೆದು ಮಗಳ ಮುಂದೆ ಹಾಕಿದರು. ಆ ದಿನದ ಕಾಳಿನಲ್ಲಿ ಎಷ್ಟೋ ಹುಳುಕು ಉಳಿದುಬಿಟ್ಟಿತ್ತು, ಮಾಡಿದ ಹುಳಿಯನ್ನು ಸ್ಫೂರ್ತಿ ಮುಟ್ಟಲಿಲ್ಲ.

ಭಾನುವಾರದ ಉಪನ್ಯಾಸಕ್ಕೆ ಹೋಗುವುದು ನಿಲ್ಲಲಿಲ್ಲ. ಒಂದು ವಾರ ಸುಭದ್ರಮ್ಮ ತಾನೂ ಬರುತ್ತೇನೆಂದು ಹಟ ಹಿಡಿದರು. ಮುರುಗೇಶಪ್ಪ ಕಾರಿನಲ್ಲಿ ಬಿಟ್ಟು, ಕರೆತರಲು ಕಾಯಬೇಕಲ್ಲ ಎಂದು ತಾವೂ ಹಿಂದೆ ಕೂತರು. ಬಾಲ್ಯದಲ್ಲಿ ಮರೆತದ್ದು ದೊಡ್ಡವರಾದ ಮೇಲೆ ಹೇಗೆ ಬೇರೆ ವೇಷದಲ್ಲಿ ಬರುತ್ತದೆ ಎಂದು ಮೇಷ್ಟ್ರು ಹೇಳಿದರು. ಮನೆಗೆ ಬಂದ ಮೇಲೆ ಸ್ಫೂರ್ತಿ ಕೇಳಿದಳು, "ಅಜ್ಜಿ, ಹೆಂಗಿತ್ತು?"

"ಮೇಷ್ಟ್ರು ಒಳ್ಳೇವ್ರು. ಆದ್ರೆ ಒಬ್ಬರ ಹೆಸರೂ ಹೇಳಲ್ಲ. ಯಾರ ಮನೆ ಕಥೆ ಅಂತ ಗೊತ್ತಾಗ್ದಿದ್ರೆ ಏನು ಕೇಳೋದು?"

ಮುರುಗೇಶಪ್ಪ ಪೇಪರು ಹಿಡಿದು ವರಾಂಡಕ್ಕೆ ಹೋದರು. ಮುಂದಿನ ವಾರ ಮಾತ್ರ, ಯಾರೂ ಕರೆಯದೆ, ಹೊತ್ತಿಗೆ ಸರಿಯಾಗಿ ಚಪ್ಪಲಿ ಹಾಕಿಕೊಂಡು ನಿಂತಿದ್ದರು.

ಶ್ರೀಗೌರಿ ಚೇತರಿಸಿಕೊಂಡಳು. ಹಿರಿಯಣ್ಣ ಅವ್ವನನ್ನು ಕರೆದೊಯ್ಯಲು ಹಣ್ಣು, ಸ್ವೀಟು ಹಿಡಿದು ಬಂದ. ತಂಗಿಯ ಹತ್ತಿರ ಮಾತಿನಲ್ಲಿ ಇನ್ನೂ ಸ್ವಲ್ಪ ಬಿಗುವಿತ್ತು. ಎಲ್ಲರೂ ಊಟಕ್ಕೆ ಕೂತರು.

"ಸಂಜೆ ಹೊರಟುಬಿಡೋಣ ಅವ್ವ, ಬಿಸಿಲು ಇಳಿದ ಮೇಲೆ" ಎಂದ.

"ಈಗ ಬರಲ್ಲ ನಾನು" ಎಂದರು ಸುಭದ್ರಮ್ಮ.

ಹಿರಿಯಣ್ಣ ತಂಗಿಯನ್ನು ನೋಡಿದ. ಅವಳಿಗೂ ಇದು ಹೊಸ ಸುದ್ದಿಯೇ.

"ಯಾಕವ್ವ? ಮಗನ ಮನೆ ಬಿಟ್ಟು ಇಲ್ಲೇ ಇದ್ರೆ ಜನ ಏನಂತಾರೆ? ಅಲ್ಲಿ ನಿಂಗೇನು ಕಮ್ಮಿ?"

"ಕಮ್ಮಿ ಏನಿಲ್ಲ. ಅಲ್ಲಿ ನಾನು ಏನಂದ್ರೂ ಗಂಡ ಹೆಂಡ್ತಿ ಇಬ್ರೂ ಹೂಂ ಅವ್ವ ಅಂತೀರಿ, ಎದ್ದು ನಿಮ್ಮ ಕೆಲಸಕ್ಕೆ ಹೋಗ್ತೀರಿ. ಇಲ್ಲಿ ಜಗಳಕ್ಕೆ ಜನ ಇದ್ದಾರೆ. ಹೊತ್ತು ಹೋಗೋದೇ ತಿಳಿಯಲ್ಲ."

ಮುರುಗೇಶಪ್ಪನಿಗೆ ಅನ್ನ ನೆತ್ತಿಗೇರಿತು. ಸ್ಫೂರ್ತಿ ಬೆನ್ನು ತಟ್ಟಿದಳು.

ಉಮಾಮಹೇಶ್ವರಿಗೆ ಸಂತೋಷವಾಯಿತು ಎಂದರೆ ಪೂರ್ತಿ ನಿಜವಾಗುವುದಿಲ್ಲ. ಮುಂದಿನ ವಾರದಿಂದ ಒಂದೇ ಸಲ ತಿಂಡಿ, ಕೋಣೆಗಳಿಗೆಲ್ಲ ಒಂದು ಸಲ ಬಣ್ಣ, ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗುವುದು ಎಂದೆಲ್ಲ ಅವಳು ಮನಸ್ಸಿನಲ್ಲೇ ಏರ್ಪಾಡು ಮಾಡಿಕೊಂಡಿದ್ದಳು. ಸಿಟ್ಟೂ ಪೂರ್ತಿ ಹೋಗಿರಲಿಲ್ಲ. ಬೆಳಿಗ್ಗೆ ಎದ್ದಾಗ ಕೆಲವು ದಿನ ಇರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಆದರೂ ಅವ್ವ ಎಲ್ಲರೆದುರು ಇಲ್ಲೇ ಇರುತ್ತೇನೆ ಎಂದಾಗ ಅವಳಿಗೆ ಹಿತವೇ ಆಯಿತು. ಅದನ್ನು ತೋರಗೊಡದೆ ಸಾರಿನ ಪಾತ್ರೆ ಎತ್ತಿಕೊಂಡಳು.

"ಇದ್ರೆ ಇರು. ಆದ್ರೆ ಎರಡನೇ ಕಾಫಿ ಮಾತ್ರ ನೀನೇ ಮಾಡ್ಕೋಬೇಕು. ನನ್ನ ಕೈಯಲ್ಲಿ ಆಗಲ್ಲ."

"ಮಾಡ್ಕೊಳ್ತೀನಿ" ಎಂದರು ಸುಭದ್ರಮ್ಮ. "ನಿನ್ನ ಕಾಫಿ ಯಾರಿಗೆ ಬೇಕಾಗಿತ್ತು?"